ಸೆಕೆಂಡಿನೊಳಗಿನ ಲೆಕ್ಕ: ಫ್ರೇಮ್ ರಿಲೇ ಮತ್ತು ಟ್ರಾಫಿಕ್ ಶೇಪಿಂಗ್

ಬೇರೆ ಬೇರೆ ಊರುಗಳಲ್ಲಿರುವ ಕಚೇರಿಗಳ ಕಂಪ್ಯೂಟರ್ ಜಾಲಗಳನ್ನು ಟೆಲಿಫೋನ್ ಕಂಪನಿಯ ಸ್ವಿಚ್ಚುಗಳ ಮೂಲಕ ಜೋಡಿಸುತ್ತಿದ್ದ ಸೇವೆಯೇ ಫ್ರೇಮ್ ರಿಲೇ. 1990ರ ದಶಕದಲ್ಲಿ, ಮೊದಲು ಅಮೆರಿಕದಲ್ಲಿ, ಅದು ಹಬ್ಬಿತು. ಅಲ್ಲಿಯವರೆಗೆ ಹತ್ತು ಶಾಖೆಗಳಿದ್ದ ಸಂಸ್ಥೆ ಕೇಂದ್ರ ಕಚೇರಿಯಿಂದ ಹತ್ತು ಲೀಸ್ಡ್ ಲೈನ್ ಎಳೆಸಬೇಕಿತ್ತು. ದೂರ ಹೆಚ್ಚಿದಷ್ಟೂ ಬಾಡಿಗೆ ಏರುತ್ತಿತ್ತು. ರಾತ್ರಿಯಿಡೀ ಲೈನ್ ಖಾಲಿ ಬಿದ್ದಿದ್ದರೂ ಕಟ್ಟುವುದು ತಪ್ಪುತ್ತಿರಲಿಲ್ಲ. ಫ್ರೇಮ್ ರಿಲೇಯಲ್ಲಿ ಕೇಂದ್ರ ಕಚೇರಿಗೆ ಒಂದೇ ಲೈನ್ ಸಾಕು. ಅದರ ಮೇಲೆ ಶಾಖೆಗೊಂದರಂತೆ ವರ್ಚುವಲ್ ಸರ್ಕ್ಯೂಟ್. ಪ್ರತಿ ಫ್ರೇಮಿನ ತಲೆಯಲ್ಲಿರುವ ಡಿಎಲ್‌ಸಿಐ ಎಂಬ 10 ಬಿಟ್‌ಗಳ ಸಂಖ್ಯೆಯನ್ನು ನೋಡಿ, ಅದು ಯಾವ ಸರ್ಕ್ಯೂಟಿಗೆ ಸೇರಿದ್ದೆಂದು ಸ್ವಿಚ್ಚು ತಿಳಿದುಕೊಳ್ಳುತ್ತಿತ್ತು. ಕಂಪನಿಗೂ ಲಾಭವಿತ್ತು: ಗ್ರಾಹಕರೆಲ್ಲ ಒಂದೇ ಹೊತ್ತಿಗೆ ಡೇಟಾ ಕಳಿಸುವುದಿಲ್ಲವೆಂಬ ನಂಬಿಕೆಯ ಮೇಲೆ ಒಂದೇ ಟ್ರಂಕನ್ನು ಹಲವರಿಗೆ ಮಾರಬಹುದಿತ್ತು. ಟ್ರಾಫಿಕ್ ಶೇಪಿಂಗ್‌ನ ತಾಪತ್ರಯವೆಲ್ಲ ಹುಟ್ಟಿದ್ದು ಈ ನಂಬಿಕೆಯಿಂದಲೇ.

ಇದಕ್ಕೆ ಹಿಂದಿನ ತಲೆಮಾರಿನದು 1976ರ ಎಕ್ಸ್.25. ಗದ್ದಲ ತುಂಬಿದ ತಾಮ್ರದ ತಂತಿಗಳ ಕಾಲದಲ್ಲಿ ರೂಪುಗೊಂಡಿದ್ದರಿಂದ ಅದು ದಾರಿಯ ಪ್ರತಿ ಹಂತದಲ್ಲೂ ತಪ್ಪು ಪರೀಕ್ಷಿಸಿ, ಕೆಟ್ಟದ್ದನ್ನು ಮತ್ತೆ ತರಿಸಿಕೊಳ್ಳುತ್ತಿತ್ತು. ಆಪ್ಟಿಕಲ್ ಫೈಬರ್ ಬಂದ ಮೇಲೆ ಅಷ್ಟು ಎಚ್ಚರಿಕೆ ಬೇಕಿರಲಿಲ್ಲ. ಫ್ರೇಮ್ ರಿಲೇಯಲ್ಲಿ ಸ್ವಿಚ್ಚು ಕೆಟ್ಟ ಫ್ರೇಮನ್ನು ಸುಮ್ಮನೆ ಬಿಸಾಡುತ್ತದೆ. ಮತ್ತೆ ಕಳಿಸುವ ಹೊಣೆ ತುದಿಯಲ್ಲಿರುವ ಕಂಪ್ಯೂಟರುಗಳದ್ದು. ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಜಾಲದ ಕೆಲಸದ ಅಂಗವಾಗಿ 1988ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿ ಸಿಸಿಐಟಿಟಿ ಇದರ ಚೌಕಟ್ಟನ್ನು ಪ್ರಕಟಿಸಿತು. 1990ರಲ್ಲಿ ಸಿಸ್ಕೊ, ಡಿಜಿಟಲ್ ಇಕ್ವಿಪ್‌ಮೆಂಟ್, ನಾರ್ದರ್ನ್ ಟೆಲಿಕಾಂ ಮತ್ತು ಸ್ಟ್ರಾಟಾಕಾಂ ಸೇರಿ ರೂಟರ್ ಮತ್ತು ಸ್ವಿಚ್ಚುಗಳು ಪರಸ್ಪರ ಸ್ಥಿತಿ ವಿಚಾರಿಸಿಕೊಳ್ಳುವ ವಿಧಾನವೊಂದನ್ನು ಹೊಸೆದವು. ಮರುವರ್ಷ ಫ್ರೇಮ್ ರಿಲೇ ಫೋರಂ ಸ್ಥಾಪನೆಯಾಯಿತು. ಅದೇ ವರ್ಷ ವಿಲ್‌ಟೆಲ್ ಕಂಪನಿ ಸಾರ್ವಜನಿಕ ಸೇವೆಗೆ ಚಾಲನೆ ಕೊಟ್ಟಿತು.

ಗ್ರಾಹಕ ಕೊಳ್ಳುತ್ತಿದ್ದುದು ಲೈನಿನ ಪೂರ್ತಿ ವೇಗವನ್ನಲ್ಲ, ಒಂದು ಭರವಸೆಯನ್ನು. ಅದರ ಹೆಸರು ಸಿಐಆರ್: ಸರ್ಕ್ಯೂಟಿನ ಮೇಲೆ ಸೆಕೆಂಡಿಗೆ ಇಷ್ಟು ಬಿಟ್ ಸಾಗಿಸುತ್ತೇವೆಂಬ ಮಾತು. ಆದರೆ ಸರಾಸರಿಯನ್ನು ಅಳೆಯಲು ಕಾಲಾವಧಿಯೊಂದು ಬೇಕು. ಆ ಅವಧಿ ಟಿಸಿ. ಅದರೊಳಗೆ ಖಾತ್ರಿಯಾಗಿ ಒಪ್ಪಿಕೊಳ್ಳುವ ಬಿಟ್‌ಗಳ ಮೊತ್ತ ಬಿಸಿ. ಜಾಗವಿದ್ದರೆ ಅದರ ಮೇಲೂ ಒಪ್ಪಿಕೊಳ್ಳುವ ಮೊತ್ತ ಬಿಇ. ಬಿಸಿಯನ್ನು ಸಿಐಆರ್‌ನಿಂದ ಭಾಗಿಸಿದರೆ ಟಿಸಿ ಸಿಗುತ್ತದೆ. ಒಂದು ಅವಧಿಯಲ್ಲಿ ಬಿಸಿಯೊಳಗೆ ಬಂದ ಫ್ರೇಮ್ ಹಾಗೆಯೇ ಮುಂದೆ ಹೋಗುತ್ತದೆ. ಅದನ್ನು ದಾಟಿ ಬಿಇಯೊಳಗೆ ಬಂದದ್ದಕ್ಕೆ ಡಿಇ ಎಂಬ ಗುರುತು ಬೀಳುತ್ತದೆ; ದಟ್ಟಣೆಯಾದಾಗ ಮೊದಲು ಬಲಿಯಾಗುವುದು ಅದೇ. ಎರಡನ್ನೂ ಮೀರಿದ್ದು ಬಾಗಿಲಲ್ಲೇ ಬಿತ್ತು. ಸಿಐಆರ್ ಸೊನ್ನೆ ಎಂದೇ ಮಾರಾಟವಾದ ಅಗ್ಗದ ಸೇವೆಗಳೂ ಇದ್ದವು. ಅಲ್ಲಿ ಪ್ರತಿ ಫ್ರೇಮೂ ಡಿಇ ಗುರುತಿನದ್ದೇ. ಸೊನ್ನೆಯಿಂದ ಭಾಗಿಸಲಾಗದ ಕಾರಣ ಅಂಥ ಕಡೆ ಬಿಇಯನ್ನು ಲೈನಿನ ವೇಗದಿಂದ ಭಾಗಿಸಿ ಅವಧಿ ನಿಗದಿಮಾಡಬೇಕಾಯಿತು.

ಈ ಒಪ್ಪಂದ ಸೇವಾ ಕಂಪನಿಯ ಕಡೆಯಿಂದ ಸರಳ, ಗ್ರಾಹಕನ ಕಡೆಯಿಂದ ಅಷ್ಟು ಸರಳವಲ್ಲ. ಲೈನಿಗೆ ನಿಧಾನವಾಗಿ ಕಳಿಸುವುದು ಗೊತ್ತಿಲ್ಲ. ಬಿಟ್ ಹೊರಟರೆ ಗಡಿಯಾರದ ಪೂರ್ಣ ವೇಗದಲ್ಲೇ ಹೊರಡುತ್ತದೆ. ಕೇಂದ್ರ ಕಚೇರಿಯಲ್ಲಿ ಸೆಕೆಂಡಿಗೆ 1,544 ಕಿಲೋಬಿಟ್‌ನ ಟಿ1 ಲೈನ್, ಶಾಖೆಯಲ್ಲಿ 56 ಕಿಲೋಬಿಟ್‌ನದು ಎಂಬುದು ಆಗಿನ ಮಾಮೂಲಿ ಏರ್ಪಾಡು. ಕೇಂದ್ರದ ರೂಟರ್ ದೊಡ್ಡ ಫೈಲೊಂದನ್ನು ಸುರಿದರೆ ಶಾಖೆಯ ಬಳಿಯ ಸ್ವಿಚ್ಚಿನಲ್ಲಿ ಸಾಲು ಬೆಳೆದು, ತುಂಬಿ, ಫ್ರೇಮ್‌ಗಳು ಬೀಳುತ್ತಿದ್ದವು. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ಆ ಸ್ವಿಚ್ಚಿಗೆ ತಿಳಿಯದು. ಬೀಳಿಸುವ ಬದಲು ತಡೆದು ನಿಲ್ಲಿಸುವುದು, ಅದೂ ಸರತಿಯ ಮೇಲೆ ಹಿಡಿತವಿರುವ ಗ್ರಾಹಕನ ರೂಟರಿನಲ್ಲೇ ನಿಲ್ಲಿಸುವುದು, ಇದೇ ಶೇಪಿಂಗ್.

ಅದರ ಹಿಂದಿನ ಕಲ್ಪನೆ ಹೊಸದಾಗಿರಲಿಲ್ಲ. ಜೊನಾಥನ್ ಟರ್ನರ್ 1986ರಲ್ಲೇ ತೂತುಬಕೆಟ್ಟಿನ ಮಾದರಿಯನ್ನು ಮುಂದಿಟ್ಟಿದ್ದರು. ರೂಟರುಗಳಲ್ಲಿ ಬಳಕೆಗೆ ಬಂದದ್ದು ಅದರ ದಾಯಾದಿಯಾದ ಟೋಕನ್ ಬಕೆಟ್: ಪ್ರತಿ ಟಿಸಿಯ ಆರಂಭದಲ್ಲಿ ಬಕೆಟ್ಟಿಗೆ ಬಿಸಿಯಷ್ಟು ಟೋಕನ್ ಬೀಳುತ್ತದೆ, ಕಳಿಸಿದ ಪ್ರತಿ ಬಿಟ್ಟಿಗೂ ಒಂದು ಖರ್ಚು, ಮುಗಿದರೆ ಮುಂದಿನ ಅವಧಿಯವರೆಗೆ ಕಾಯಬೇಕು. ಸಿಸ್ಕೊ ತನ್ನ ರೂಟರ್ ತಂತ್ರಾಂಶವಾದ ಐಒಎಸ್ 11.2ರಲ್ಲಿ, 1996ರಲ್ಲಿ, ಪ್ರತಿ ವರ್ಚುವಲ್ ಸರ್ಕ್ಯೂಟಿಗೂ ಬೇರೆ ಬೇರೆಯಾಗಿ ಇದನ್ನು ಹೊಂದಿಸುವ ಅವಕಾಶ ಕೊಟ್ಟಿತು. ಮ್ಯಾಪ್-ಕ್ಲಾಸ್ ಎಂಬ ಹೆಸರಿನಡಿ ಸಿಐಆರ್, ಬಿಸಿ, ಬಿಇ ಬರೆದು, ಅದನ್ನು ಡಿಎಲ್‌ಸಿಐಗೆ ಅಂಟಿಸಬೇಕು. ಟಿಸಿಯನ್ನು ನೇರವಾಗಿ ಬರೆಯುವ ಸಾಲೇ ಇಲ್ಲದಿರುವುದು ಇಲ್ಲಿನ ವಿಚಿತ್ರ. ಅವಧಿಯನ್ನು ಬದಲಿಸಬೇಕೆಂದರೆ ಬಿಸಿಯನ್ನು ಬದಲಿಸಬೇಕು. ಏನೂ ಬರೆಯದಿದ್ದರೆ ಸಿಐಆರ್ 56,000, ಬಿಸಿ 7,000, ಅಲ್ಲಿಗೆ ಟಿಸಿ 125 ಮಿಲಿಸೆಕೆಂಡ್. ಸ್ಥಿತಿ ತೋರಿಸುವ ಪಟ್ಟಿಯಲ್ಲಿ ಇದೇ ಮೊತ್ತ 875 ಬೈಟ್ ಎಂದು ಕಾಣಿಸುತ್ತಿತ್ತು.

ಈ ಪೂರ್ವನಿಗದಿ ಅನೇಕರಿಗೆ ಕೈಕೊಟ್ಟಿದೆ. ಶೇಪಿಂಗ್ ಆಜ್ಞೆಯನ್ನು ಇಡೀ ಇಂಟರ್‌ಫೇಸಿಗೆ ಕೊಟ್ಟ ಕ್ಷಣದಿಂದ ಅದರ ಮೇಲಿನ ಎಲ್ಲ ಸರ್ಕ್ಯೂಟುಗಳೂ ಅದರ ಹಿಡಿತಕ್ಕೆ ಬರುತ್ತವೆ. ಮ್ಯಾಪ್-ಕ್ಲಾಸ್ ಅಂಟಿಸಲು ಮರೆತ ಸರ್ಕ್ಯೂಟ್, ಅದರ ಒಪ್ಪಂದ 512 ಕಿಲೋಬಿಟ್‌ನದ್ದಾಗಿದ್ದರೂ, ಸದ್ದಿಲ್ಲದೆ 56ಕ್ಕೆ ಇಳಿಯುತ್ತಿತ್ತು. ಲೈನ್ ಸರಿಯಿದೆ, ದೋಷದ ಎಣಿಕೆ ಸೊನ್ನೆಯಿದೆ, ಆದರೂ ಶಾಖೆಯವರ ದೂರು ನಿಲ್ಲುವುದಿಲ್ಲ.

ದಟ್ಟಣೆಯ ಸುದ್ದಿ ತಿಳಿಸಲು ಫ್ರೇಮಿನ ತಲೆಯಲ್ಲಿ ಎರಡು ಬಿಟ್‌ಗಳಿದ್ದವು. ಎಫ್‌ಇಸಿಎನ್ ಫ್ರೇಮ್ ಪಡೆಯುವ ಮುಂದಿನವರಿಗೆ, ಬಿಇಸಿಎನ್ ಕಳಿಸುವ ಹಿಂದಿನವರಿಗೆ. ದಟ್ಟಣೆಗೆ ಹೊಂದಿಕೊಳ್ಳುವ ಶೇಪಿಂಗ್ ಹಾಕಿಕೊಂಡ ರೂಟರ್ ಬಿಇಸಿಎನ್ ಕಂಡಾಗ ವೇಗವನ್ನು ಶೇಕಡ 25ರಷ್ಟು ಇಳಿಸುತ್ತಿತ್ತು. ಮಿನ್‌ಸಿಐಆರ್ ಎಂಬ ತಳ ಮುಟ್ಟುವವರೆಗೆ ಇಳಿತ ಮುಂದುವರಿಯುತ್ತಿತ್ತು. ಬೇರೆ ಹೇಳದಿದ್ದರೆ ಆ ತಳ ಸಿಐಆರ್‌ನ ಅರ್ಧ. ಸತತ 16 ಅವಧಿಗಳಲ್ಲಿ ಬಿಇಸಿಎನ್ ಬಾರದಿದ್ದರೆ ಮೆಲ್ಲಗೆ ಏರಿಕೆ. ಕಾಗದದ ಮೇಲೆ ಚೊಕ್ಕಟ, ಬಳಕೆಯಲ್ಲಿ ಅರೆಬರೆ. ಬಿಇಸಿಎನ್ ಬರುವುದು ಎದುರು ದಿಕ್ಕಿನ ಫ್ರೇಮಿನ ಬೆನ್ನೇರಿ. ಆ ಕಡೆಯಿಂದ ಏನೂ ಬಾರದಿದ್ದರೆ ಸುದ್ದಿಯೂ ಇಲ್ಲ. ಬಂದರೂ ಅದು ರೂಟರಿಗೆ ಮಾತ್ರ ಗೊತ್ತು. ಡೇಟಾ ಸುರಿಯುತ್ತಿರುವ ಕಂಪ್ಯೂಟರಿಗೆ ತಿಳಿಯುವುದು ಫ್ರೇಮ್ ಬಿದ್ದ ಮೇಲೆಯೇ.

ಡೇಟಾ ಮಾತ್ರ ಸಾಗುತ್ತಿದ್ದಾಗ 125 ಮಿಲಿಸೆಕೆಂಡಿನ ಅವಧಿ ಯಾರಿಗೂ ನೋವು ಮಾಡಲಿಲ್ಲ. ಅವಧಿಯ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಅದೇ ಲೈನಿಗೆ ದೂರವಾಣಿ ಕರೆಗಳು ಬಂದು ಸೇರಿದಾಗ. 64 ಕಿಲೋಬಿಟ್ ಸಿಐಆರ್, 8,000 ಬಿಟ್ ಬಿಸಿ ಇರುವ ಸರ್ಕ್ಯೂಟನ್ನು ಟಿ1 ಲೈನಿನ ಮೇಲೆ ಇಟ್ಟು ನೋಡಬಹುದು. ಆ 8,000 ಬಿಟ್‌ಗಳು ಸುಮಾರು 5 ಮಿಲಿಸೆಕೆಂಡಿನಲ್ಲಿ ಹೊರಟುಹೋಗುತ್ತವೆ. ಉಳಿದ 120 ಮಿಲಿಸೆಕೆಂಡ್ ಮೌನ. ಜಿ.729 ವಿಧಾನದಲ್ಲಿ ಧ್ವನಿಯ ಪ್ಯಾಕೆಟ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಹುಟ್ಟುತ್ತದೆ, ಮಾತು ಸಲೀಸಾಗಿ ಸಾಗಲು ಐಟಿಯು ಸೂಚಿಸುವ ಒಟ್ಟು ವಿಳಂಬ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್. ದುರದೃಷ್ಟದ ಪ್ಯಾಕೆಟ್ಟೊಂದು ಅದರ ಬಹುಪಾಲನ್ನು ರೂಟರಿನೊಳಗೆ ಕೂತೇ ಕಳೆದುಬಿಡುತ್ತಿತ್ತು. ಸೆಕೆಂಡಿನ ಸರಾಸರಿ ಪಕ್ಕಾ ಇದ್ದರೂ ಕರೆ ಮಾಡಿದವರ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

ಹೀಗೆ 10 ಮಿಲಿಸೆಕೆಂಡಿನ ಟಿಸಿ ರೂಢಿಗೆ ಬಂತು. ಬಿಸಿಯನ್ನು ಸಿಐಆರ್‌ನ ನೂರನೇ ಒಂದು ಪಾಲಿಗೆ ಇಳಿಸಬೇಕು. 64 ಕಿಲೋಬಿಟ್‌ಗೆ 640 ಬಿಟ್, ಅಂದರೆ 80 ಬೈಟ್. ಬಿಇ ಸೊನ್ನೆ, ಏಕೆಂದರೆ ಡಿಇ ಗುರುತು ಬಿದ್ದ ಧ್ವನಿ ಫ್ರೇಮ್ ದಾರಿಯಲ್ಲಿ ಮಾಯವಾದರೆ ಮತ್ತೆ ಕಳಿಸುವುದರಲ್ಲಿ ಅರ್ಥವಿಲ್ಲ. ಇಷ್ಟಾದರೂ ಸಾಲದು. 1,500 ಬೈಟ್‌ನ ಡೇಟಾ ಪ್ಯಾಕೆಟ್ 64 ಕಿಲೋಬಿಟ್ ಲೈನಿನಲ್ಲಿ ಹಾಯಲು 187.5 ಮಿಲಿಸೆಕೆಂಡ್ ಬೇಕು; ಅದರ ಹಿಂದೆ ಸಿಕ್ಕಿಬಿದ್ದ ಧ್ವನಿಗೆ ಯಾವ ಶೇಪಿಂಗೂ ದಾರಿ ಮಾಡಿಕೊಡಲಾರದು. ಫೋರಂ 1997ರಲ್ಲಿ ಹೊರತಂದ ಎಫ್‌ಆರ್‌ಎಫ್.12 ಒಪ್ಪಂದ ದೊಡ್ಡ ಫ್ರೇಮ್‌ಗಳನ್ನು ತುಂಡರಿಸಿ, ತುಂಡುಗಳ ನಡುವೆ ಧ್ವನಿಯನ್ನು ತೂರಿಸುವ ವಿಧಾನ ಕೊಟ್ಟಿತು. 64 ಕಿಲೋಬಿಟ್‌ಗೆ 80 ಬೈಟ್‌ನ ತುಂಡು, ಅದೂ 10 ಮಿಲಿಸೆಕೆಂಡಿನ ಲೆಕ್ಕವೇ. ಇದಕ್ಕೆ ತೆತ್ತ ಬೆಲೆ ರೂಟರಿನ ಪ್ರೊಸೆಸರ್ ಮೇಲಿನ ಹೊರೆ: ಸೆಕೆಂಡಿಗೆ ಎಂಟು ಬಾರಿಯ ಬದಲು ನೂರು ಬಾರಿ ಟೋಕನ್ ತುಂಬಬೇಕು, ಅದೂ ಪ್ರತಿ ಸರ್ಕ್ಯೂಟಿಗೆ.

ಎಂಪಿಎಲ್‌ಎಸ್ ಮತ್ತು ಈಥರ್‌ನೆಟ್ ಸೇವೆಗಳು ಅಗ್ಗವಾದಂತೆ ಫ್ರೇಮ್ ರಿಲೇ ಹಿಂದೆ ಸರಿಯಿತು. 2003ರಲ್ಲಿ ಅದರ ಫೋರಂ ಎಂಪಿಎಲ್‌ಎಸ್ ಫೋರಂ ಜೊತೆ ವಿಲೀನವಾಯಿತು. ಪಠ್ಯದಲ್ಲಿ ಮಾತ್ರ ಫ್ರೇಮ್ ರಿಲೇ ಇನ್ನೂ ಒಂದು ದಶಕ ಬದುಕಿತು. ಸಿಸ್ಕೊ ಜಾಲ ಪರಿಣತರಿಗಾಗಿ ತನ್ನ ಸಿಸಿಐಇ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದ ಊರುಗಳಲ್ಲಿ ಬೆಂಗಳೂರೂ ಒಂದು. 2014ರಲ್ಲಿ ಆ ಪರೀಕ್ಷೆಯಿಂದ ಫ್ರೇಮ್ ರಿಲೇಯನ್ನು ಕೈಬಿಡುವವರೆಗೆ ಅಭ್ಯರ್ಥಿಗಳು ಅದನ್ನು ಕಲಿಯಲೇಬೇಕಿತ್ತು.

ಅದರ ಲೆಕ್ಕ ಮಾತ್ರ ಬೇರೆ ಕಡೆ ಉಳಿದುಕೊಂಡಿತು. 1999ರ ಆರ್‌ಎಫ್‌ಸಿ 2697 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ಸಿಐಆರ್ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡು, ಬಿಸಿ ಮತ್ತು ಬಿಇಗಳನ್ನು ಬೈಟ್ ಲೆಕ್ಕದ ಸಿಬಿಎಸ್, ಇಬಿಎಸ್‌ಗಳಾಗಿ ಬದಲಿಸಿತು. ಈಥರ್‌ನೆಟ್ ಸೇವೆಗಳ ಒಪ್ಪಂದಗಳಲ್ಲಿ ಈಗಲೂ ಕಾಣುವುದು ಇವೇ ಹೆಸರುಗಳು. 1 ಗಿಗಾಬಿಟ್ ಪೋರ್ಟಿನ ಮೇಲೆ 100 ಮೆಗಾಬಿಟ್ ಸೇವೆ ಕೊಂಡು 10 ಮಿಲಿಸೆಕೆಂಡಿನ ಅವಧಿ ಇಟ್ಟರೆ ಪ್ರತಿ ಅವಧಿಯ ಪಾಲು 10 ಲಕ್ಷ ಬಿಟ್, ಅಂದರೆ 1,25,000 ಬೈಟ್. ಕಳಿಸಲು ಸಾಕಷ್ಟು ಡೇಟಾ ಇದ್ದಾಗ ಅದು 1 ಮಿಲಿಸೆಕೆಂಡಿನಲ್ಲೇ ಮುಗಿಯುತ್ತದೆ. ಮುಂದಿನ 9 ಮಿಲಿಸೆಕೆಂಡ್ ಪೋರ್ಟು ಖಾಲಿ.