ಕಬ್ಬಿಣ (ಪೋಷಕಾಂಶ)

ಕಬ್ಬಿಣವು ಮಾನವನ ಆಹಾರದಲ್ಲಿ ಅಲ್ಪ ಪ್ರಮಾಣದಲ್ಲಿ ಇರಲೇಬೇಕಾದ ಖನಿಜ ಪೋಷಕಾಂಶಗಳಲ್ಲಿ ಒಂದು. ಕಾರ್ಬೋಹೈಡ್ರೇಟ್, ಪ್ರೋಟೀನ್ ಮತ್ತು ಕೊಬ್ಬಿನಂತೆ ಇದು ನೇರವಾಗಿ ಶಕ್ತಿಯನ್ನು ಒದಗಿಸುವುದಿಲ್ಲ. ಆದರೆ ಅವುಗಳಿಂದ ಶಕ್ತಿ ಪಡೆಯಲು ಜೀವಕೋಶಗಳಿಗೆ ಬೇಕಾದ ಆಮ್ಲಜನಕದ ಸಾಗಣೆಗೆ ಇದು ಅನಿವಾರ್ಯ. ವಯಸ್ಕರ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ.

ಕಾರ್ಯಗಳು

ದೇಹದಲ್ಲಿರುವ ಕಬ್ಬಿಣದ ಸುಮಾರು ಮೂರನೇ ಎರಡು ಭಾಗವು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿರುತ್ತದೆ. ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಎಲ್ಲ ಅಂಗಾಂಶಗಳಿಗೆ ಒಯ್ಯುತ್ತದೆ. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್‌ನಲ್ಲಿಯೂ ಹಲವು ಕಿಣ್ವಗಳಲ್ಲಿಯೂ ಕಬ್ಬಿಣವಿದೆ. ಹೆಚ್ಚಾದ ಅಂಶವು ಮುಖ್ಯವಾಗಿ ಯಕೃತ್ತು, ಗುಲ್ಮ ಮತ್ತು ಮೂಳೆಮಜ್ಜೆಯಲ್ಲಿ ಸಂಗ್ರಹವಾಗುತ್ತದೆ.

ಆಹಾರ ಮೂಲಗಳು ಮತ್ತು ಹೀರಿಕೆ

ಆಹಾರದಲ್ಲಿ ಎರಡು ಬಗೆಯ ಕಬ್ಬಿಣವಿದೆ. ಮಾಂಸ ಮತ್ತು ಮೀನಿನಲ್ಲಿರುವ ಹೀಮ್ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಧಾನ್ಯ ಮತ್ತು ಸೊಪ್ಪುಗಳಲ್ಲಿರುವ ಹೀಮ್ ಅಲ್ಲದ ಕಬ್ಬಿಣದ ಹೀರಿಕೆ ಕಡಿಮೆ. ಆದ್ದರಿಂದ ತಟ್ಟೆಯಲ್ಲಿರುವ ಕಬ್ಬಿಣದ ಪ್ರಮಾಣವೂ ದೇಹಕ್ಕೆ ದಕ್ಕುವ ಪ್ರಮಾಣವೂ ಒಂದೇ ಆಗಿರುವುದಿಲ್ಲ.

ಸಸ್ಯಾಹಾರದ ಕಬ್ಬಿಣವು ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದು ಅದರೊಂದಿಗೆ ಸೇವಿಸುವ ಇತರ ಪದಾರ್ಥಗಳನ್ನು ಅವಲಂಬಿಸಿದೆ:

- ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣುಗಳಲ್ಲಿರುವ ಸಿ ಜೀವಸತ್ವವು ಹೀರಿಕೆಯನ್ನು ಹೆಚ್ಚಿಸುತ್ತದೆ. ಹೆಸರುಬೇಳೆಯ ಕೋಸಂಬರಿಗೆ ನಿಂಬೆರಸ ಹಿಂಡುವುದು ಇದಕ್ಕೆ ಉತ್ತಮ ಉದಾಹರಣೆ.
- ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಹೀರಿಕೆಯನ್ನು ತಡೆಯುತ್ತದೆ. ನೆನೆಸುವುದು, ಮೊಳಕೆ ಬರಿಸುವುದು ಮತ್ತು ಹುದುಗಿಸುವುದರಿಂದ ಇದರ ಪ್ರಮಾಣ ಇಳಿಯುತ್ತದೆ.
- ಚಹಾ ಮತ್ತು ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣದೊಂದಿಗೆ ಬಂಧಗೊಳ್ಳುವುದರಿಂದ ಅವುಗಳನ್ನು ಊಟದೊಂದಿಗೆ ಸೇವಿಸದಿರುವುದು ಒಳಿತು.

ಕೊರತೆ

ಕಬ್ಬಿಣದ ಕೊರತೆಯು ರಕ್ತಹೀನತೆಗೆ ಪ್ರಮುಖ ಕಾರಣ. ಆಯಾಸ, ಚರ್ಮ ಬಿಳಿಚಿಕೊಳ್ಳುವುದು, ಶ್ರಮವಾದಾಗ ಏದುಸಿರು ಮತ್ತು ಏಕಾಗ್ರತೆಯ ಕೊರತೆ ಇದರ ಸಾಮಾನ್ಯ ಲಕ್ಷಣಗಳು. ಬೆಳೆಯುವ ಮಕ್ಕಳು, ಋತುಸ್ರಾವವಾಗುವ ಹೆಣ್ಣುಮಕ್ಕಳು ಹಾಗೂ ಗರ್ಭಿಣಿಯರಿಗೆ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತಲೂ ಪುರುಷರಲ್ಲಿ 13 ಗ್ರಾಂಗಿಂತಲೂ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು.

ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ. ಬಿ12 ಜೀವಸತ್ವ ಅಥವಾ ಫೋಲೇಟ್ ಕೊರತೆ ಮತ್ತು ಥಲಸ್ಸೀಮಿಯಾದಂತಹ ಆನುವಂಶಿಕ ಕಾಯಿಲೆಗಳಿಂದಲೂ ಅದು ಉಂಟಾಗಬಹುದು.

ಅತಿಸೇವನೆ

ಹೆಚ್ಚುವರಿ ಕಬ್ಬಿಣವನ್ನು ವಿಸರ್ಜಿಸುವ ವಿಶೇಷ ವ್ಯವಸ್ಥೆ ದೇಹದಲ್ಲಿಲ್ಲ. ಹೀಗಾಗಿ ಕಬ್ಬಿಣದ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸಬೇಕು. ಚಿಕ್ಕ ಮಕ್ಕಳು ಅವನ್ನು ಹೆಚ್ಚು ಸಂಖ್ಯೆಯಲ್ಲಿ ನುಂಗಿದರೆ ಪ್ರಾಣಾಪಾಯವಾಗಬಹುದಾದ್ದರಿಂದ ಅವರ ಕೈಗೆ ಸಿಗದಂತೆ ಇಡುವುದು ಅಗತ್ಯ.