ಕರುಳಿನ ಉರಿಯೂತಕ್ಕೆ ಅಮೈನೋ ಆಮ್ಲದ ಪುಡಿ: ಮಾತ್ರೆ ಬಿಟ್ಟು ಡಬ್ಬಿ ಹಿಡಿಯಬೇಡಿ

ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ-ಲೋಳೆ, ಹೊಟ್ಟೆ ಹಿಂಡೋ ನೋವು, ತೂಕ ಇಳಿಕೆ. ಹಳ್ಳಿ ಕಡೆ ಇದಕ್ಕೆ ಮೊದಲು ನೆನಪಾಗೋದು ಮೂಲವ್ಯಾಧಿ, ಇಲ್ಲವೇ ಆಮಶಂಕೆ. ಆದರೆ ಕರುಳೇ ಉರಿಯೂತದಿಂದ ಹುಣ್ಣಾಗುವ ದೀರ್ಘಕಾಲದ ಕಾಯಿಲೆಯೂ ಇರಬಹುದು. ವೈದ್ಯರು ಇದನ್ನು ಐಬಿಡಿ ಅಂತಾರೆ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಇದರ ಎರಡು ಮುಖ್ಯ ಬಗೆ.

ಇದಕ್ಕೆ ‘ಗ್ಲುಟಮೈನ್’ ಎಂಬ ಅಮೈನೋ ಆಮ್ಲದ ಪುಡಿ ಒಳ್ಳೆಯದು ಎಂಬ ಮಾತಿದೆ. ಕರುಳಿನ ಒಳಪದರದ ಕೋಶಗಳಿಗೆ ಗ್ಲುಟಮೈನ್ ಮುಖ್ಯ ಇಂಧನ ಅನ್ನೋದು ನಿಜ. ಹೊರಗಿಂದ ಕೊಟ್ಟರೆ ಹುಣ್ಣು ಮಾಯಬಹುದು ಎಂಬ ಲೆಕ್ಕ ಕೇಳೋಕೆ ಸರಿ ಅನಿಸುತ್ತೆ, ಆದರೆ ಸಾಬೀತಾಗಿಲ್ಲ. 2016ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆಗೆ ಸಿಕ್ಕಿದ್ದು ಕ್ರೋನ್ಸ್ ರೋಗಿಗಳ ಎರಡೇ ಸಣ್ಣ ಅಧ್ಯಯನ, ಒಟ್ಟು 42 ಮಂದಿ. ಕಾಯಿಲೆ ಹತೋಟಿಗೆ ಬರುತ್ತದೆ ಎನ್ನಲು ಪುರಾವೆ ಸಾಲದು ಎಂದಿತು ಅದು.

ಮಕ್ಕಳ ಕ್ರೋನ್ಸ್‌ಗೆ 6ರಿಂದ 8 ವಾರ ಊಟ ನಿಲ್ಲಿಸಿ ವಿಶೇಷ ದ್ರವಾಹಾರವನ್ನೇ ಕೊಡುವ ಚಿಕಿತ್ಸೆ ಇದೆ, ಫಲವೂ ಕೊಡುತ್ತೆ. ಅಮೈನೋ ಆಮ್ಲದ ದ್ರವವಾಗಲಿ, ಸಾಮಾನ್ಯ ಪ್ರೋಟೀನಿನದಾಗಲಿ ಫಲ ಹೆಚ್ಚುಕಮ್ಮಿ ಒಂದೇ. ಅದೂ ವೈದ್ಯರ ನಿಗಾದಲ್ಲಿ ಮಾತ್ರ.

ನಿಜವಾದ ಅಪಾಯ ಪುಡಿ ನಂಬಿ ಮೆಸಲಮೈನ್‌ನಂಥ ಮಾತ್ರೆ ಬಿಡೋದರಲ್ಲಿದೆ. ಆರಾಮ ಅನಿಸ್ತು ಅಂತ ಬಿಟ್ಟರೆ ಕಾಯಿಲೆ ಮತ್ತೆ ಕೆರಳಬಹುದು. ಸ್ಟೀರಾಯ್ಡ್ ಅಂತೂ ಏಕಾಏಕಿ ನಿಲ್ಲಿಸಲೇಬಾರದು. ಇನ್ನೊಂದು ತೊಡಕು: ಕರುಳಿನ ಟಿಬಿ ಕೂಡ ಕ್ರೋನ್ಸ್‌ನಂತೆಯೇ ಕಾಣುತ್ತೆ. ಟಿಬಿ ಇದ್ದವರಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣಿಸುತ್ತೆ. ಹಾಗಾಗಿ ಕೊಲೊನೊಸ್ಕೋಪಿ, ಬಯಾಪ್ಸಿ ಮೊದಲು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಇದಕ್ಕೆ ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಹಾಗಂತ ಪ್ರೋಟೀನ್ ಬೇಡ ಅಂತಲ್ಲ. ಕಾಯಿಲೆ ಜೋರಿದ್ದಾಗ ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು, ಅಂದರೆ 50 ಕೆಜಿಯವರಿಗೆ 60–75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತೆ. ಮೊಟ್ಟೆ, ಮೊಸರು, ಮೆತ್ತಗೆ ಬೆಂದ ಹೆಸರುಬೇಳೆಯಲ್ಲಿ ಗ್ಲುಟಮೈನೂ ಇದೆ, ದುಬಾರಿ ಡಬ್ಬಿಯೇ ಬೇಕಿಲ್ಲ. ಹೊಟ್ಟೆ ಕೆರಳಿದಾಗ ಮಂಡಕ್ಕಿ-ಮೆಣಸಿನಕಾಯಿ ಬದಿಗಿಡೋದು ಲೇಸು. ಕರುಳು ಕಿರಿದಾದವರಿಗೆ ಶೇಂಗಾ, ಹಸಿ ತರಕಾರಿ ಸಿಕ್ಕಿಹಾಕಿಕೊಳ್ಳಬಹುದು. ಕಿಡ್ನಿ, ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬಾರದು.

ಅಂಗಡಿಯವರೂ ಗಮನಿಸಬೇಕು: ಡಬ್ಬಿ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಔಷಧಿಯಾಗಿ ಬಳಸಲು ಅಲ್ಲ ಎಂಬ ಸೂಚನೆ ಇರಬೇಕು. ಕಾಯಿಲೆ ವಾಸಿಯಾಗುತ್ತೆ ಅಂತ ಹೇಳಿ ಮಾರುವಂತಿಲ್ಲ.

ದಿನಕ್ಕೆ ಆರು ಸಲ ಅಥವಾ ಹೆಚ್ಚು ರಕ್ತಭೇದಿ, ಜೊತೆಗೆ ಜ್ವರ, ಎದೆಬಡಿತ ಇದ್ದರೆ ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.