ಮೈಸೂರಿನ ಮಳೆಯೂ ಮನೆಯ ಪಿಟ್ಟೂ

ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಮಲೆನಾಡಿಗೆ ಹೋಲಿಸಿದರೆ ಇದು ಕಡಿಮೆ. ಆದರೆ ಇದರ ಬಹುಪಾಲು ಎರಡು ಸಲ ಒಟ್ಟಾಗಿ ಸುರಿಯುತ್ತದೆ: ಮೇ ತಿಂಗಳ ಭರಣಿ, ಕೃತ್ತಿಕೆಯಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಸ್ತ, ಚಿತ್ತೆಯಲ್ಲಿ ಇನ್ನೊಮ್ಮೆ. ಬೇಸಿಗೆಯಲ್ಲಿ ಒಣಗಿದ ನೆಲ ಮೊದಲನೆಯದನ್ನು ಕುಡಿದು ಅರಗಿಸಿಕೊಳ್ಳುತ್ತದೆ. ಎರಡನೆಯದು ಬರುವ ಹೊತ್ತಿಗೆ ನೆಲ ಆಗಲೇ ನೆನೆದಿರುತ್ತದೆ. ಒಳಚರಂಡಿಯಿಲ್ಲದ ಹೊರವಲಯದ ಬಡಾವಣೆಗಳಲ್ಲಿ ಶೌಚಾಲಯದ ಪಿಟ್ಟು ತುಂಬಿ ಅಂಗಳಕ್ಕೆ ಉಕ್ಕುವುದು ಹೆಚ್ಚಾಗಿ ದಸರೆಯ ಆಸುಪಾಸಿನ ಈ ಮಳೆಯಲ್ಲೇ.

ಪಿಟ್ಟಿನ ಕೆಲಸ ಸರಳ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕಿಳಿದು ಕೊಳೆಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಪಕ್ಕದ ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ. ಅನೇಕ ಮನೆಗಳಲ್ಲಿ ಟ್ಯಾಂಕೇ ಇಲ್ಲ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ ಗುಂಡಿಯೇ ಎರಡೂ ಕೆಲಸ ಮಾಡಬೇಕು. ಮಳೆಗೆ ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡಾಗ ಗುಂಡಿಯ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಅದು ಪೈಪಿನಲ್ಲಿ ಹಿಂದಕ್ಕೆ ಬಂದು, ಮೊದಲು ನೆಲಮಹಡಿಯ ಬಚ್ಚಲಿನ ಜಾಲರಿಯಲ್ಲಿ, ಆಮೇಲೆ ಕಮೋಡಿನಲ್ಲಿ ಕಾಣಿಸಿಕೊಳ್ಳುತ್ತದೆ. ತಾರಸಿಯ ನೀರನ್ನೂ ಅದೇ ಗುಂಡಿಗೆ ಬಿಟ್ಟಿದ್ದರೆ ಒಂದು ಜೋರು ಮಳೆ ಸಾಕು. ವರ್ಷಗಟ್ಟಲೆ ಹೂಳು ತೆಗೆಯದ ಟ್ಯಾಂಕಿನಿಂದ ಕೆಸರು ಇಂಗುಗುಂಡಿಗೆ ಹರಿದು ಗೋಡೆಯ ಮಣ್ಣನ್ನೇ ಮುಚ್ಚಿಬಿಡುತ್ತದೆ. ಅಂಥ ಗುಂಡಿ ಮಳೆ ನಿಂತ ಮೇಲೂ ಚೇತರಿಸಿಕೊಳ್ಳುವುದಿಲ್ಲ. ಇದು ಮನೆಯವರ ಅಜಾಗ್ರತೆ ಮಾತ್ರವೆಂದು ನೋಡುವುದು ತಪ್ಪು. ಊರು ಮುಂದೆ, ಚರಂಡಿ ಹಿಂದೆ ಎಂಬ ಕ್ರಮ ಮೈಸೂರಿನಲ್ಲಿ ಇನ್ನೂರು ವರ್ಷದಿಂದ ನಡೆದುಬಂದಿದೆ.

ಇದರ ಮೊದಲ ದೊಡ್ಡ ಉದಾಹರಣೆ ಪೂರ್ಣಯ್ಯ ನಾಲೆ. 1799ರಿಂದ 1811ರವರೆಗೆ ಆಡಳಿತ ನಡೆಸಿದ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲು ಬಹಳ ಹಣ ಸುರಿದು ಈ ನಾಲೆಯನ್ನು ತೋಡಿಸಿದರು. ಉದ್ದೇಶ ಈಡೇರಲಿಲ್ಲ. ಕುಡಿಯುವ ನೀರು ಹರಿಯಬೇಕಿದ್ದ ಜಾಗದಲ್ಲಿ ಪೇಟೆಯ ಕೊಳಚೆ ಬಂದು ನಿಂತಿತು, ಸುತ್ತಲಿನ ಬೀದಿಗಳಿಗೆ ರೋಗದ ಮೂಲವಾಯಿತು. 1880ರ ದಶಕದಲ್ಲಿ ಅದನ್ನು ಮುಚ್ಚಿ, ಮೇಲೆ ಅಗಲವಾದ ರಸ್ತೆ ಮಾಡಿದರು. ದಸರಾ ಮೆರವಣಿಗೆ ಸಾಗುವ ಇಂದಿನ ಸಯ್ಯಾಜಿರಾವ್ ರಸ್ತೆ ಅದೇ. ನಾಲೆಯ ಬೇರೆ ಭಾಗಗಳು ಇಂದಿಗೂ ಊರಿನೊಳಗೆ ಮೋರಿಯಾಗಿ ಉಳಿದಿವೆ.

ಮುಂದಿನ ತಿರುವು ಪ್ಲೇಗಿನಿಂದ ಬಂತು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪಿಡುಗು ಇಕ್ಕಟ್ಟಾದ ಕೇರಿಗಳಲ್ಲಿ ಬದುಕುವುದು ಎಂಥ ಅಪಾಯ ಎಂಬುದನ್ನು ಅರಮನೆಗೂ ಆಡಳಿತಕ್ಕೂ ತೋರಿಸಿಕೊಟ್ಟಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು; ಇಂಥ ಮಂಡಲಿ ಇಂಡಿಯಾದಲ್ಲಿ ಆಗಿನ್ನೂ ಅಪರೂಪ. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂಗಳಂಥ ಬಡಾವಣೆಗಳು ನೇರ ರಸ್ತೆ, ಗಾಳಿ ಬೆಳಕುಗಳ ಲೆಕ್ಕಾಚಾರದಲ್ಲಿ ರೂಪುಗೊಂಡವು. ಮನೆಗಳ ಮುಂದೆ ಅಗಲವಾದ ಬೀದಿ, ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ. ಈ ಬಡಾವಣೆಗಳ ಅಂದವನ್ನು ಹೊಗಳುವವರು ಹಿಂದಿನ ಗಲ್ಲಿಯನ್ನು ಮರೆಯುತ್ತಾರೆ. ಹಿತ್ತಿಲ ಕಕ್ಕಸಿನ ಮಲವನ್ನು ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ ಹೊತ್ತೊಯ್ಯಲೆಂದು ಮಾಡಿದ ದಾರಿ ಅದು. ಹೊರುತ್ತಿದ್ದವರು ದಲಿತರು, ಹೆಚ್ಚಾಗಿ ಹೆಂಗಸರು. ಮಳೆ ಬಂದಾಗ ಬುಟ್ಟಿಯಲ್ಲಿದ್ದದ್ದು ತಲೆಯ ಮೇಲಿಂದ ಮೈಮೇಲೆ ಇಳಿಯುತ್ತಿತ್ತು. ನಗರದ ನೈರ್ಮಲ್ಯದ ಯಾವ ಚರಿತ್ರೆಯೂ ಇದನ್ನು ಹೇಳದೆ ಪೂರ್ತಿಯಾಗುವುದಿಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಮೈಸೂರು ಪ್ರಾಂತ್ಯದ ಪುರಸಭೆಗಳ ಇತಿಹಾಸದಲ್ಲಿ ಇಷ್ಟು ಘನವಾದ ಆದೇಶ ಇನ್ನೊಂದಿಲ್ಲ.

ಅಷ್ಟರಲ್ಲಿ ಹೊಸ ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್ ಬಂದಿತ್ತು. ಫ್ರಾನ್ಸಿನ ಜ್ಯಾಂ ಲೂಯಿ ಮೂರಾ 1881ರಲ್ಲಿ ಪೇಟೆಂಟ್ ಪಡೆದ, ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ 1890ರ ದಶಕದಲ್ಲಿ ಸುಧಾರಿಸಿದ ಈ ವ್ಯವಸ್ಥೆಗೆ ಮೊದಲು ಬೇಕಾದದ್ದು ನಲ್ಲಿ ನೀರು. ವಾಣಿವಿಲಾಸ ನೀರು ಸರಬರಾಜು ಕೇಂದ್ರದಿಂದ ಕಾವೇರಿ ಮನೆಮನೆಗೆ ಬಂದಂತೆಲ್ಲ ಬಳಸಿ ಬಿಟ್ಟ ನೀರೂ ಹೆಚ್ಚಿತು. ಟ್ಯಾಂಕ್ ಹೇಗಿರಬೇಕೆಂದು ಭಾರತೀಯ ಮಾನಕ ಸಂಸ್ಥೆ 1963ರಲ್ಲಿ ಐಎಸ್ 2470 ಎಂಬ ಸಂಹಿತೆಯನ್ನು ಹೊರಡಿಸಿತು. ಗಾರೆ ಮೇಸ್ತ್ರಿಗಳು ಅದನ್ನು ಓದಲಿಲ್ಲ. ಓದಿಸಬೇಕಾದವರು ಓದಿಸಲೂ ಇಲ್ಲ.

ನಗರದ ಒಳಭಾಗಕ್ಕೆ ಇಪ್ಪತ್ತನೇ ಶತಮಾನದಲ್ಲಿ ಹಂತಹಂತವಾಗಿ ಒಳಚರಂಡಿ ಬಂತು. ಮೈಸೂರು ನೀರನ್ನು ಎರಡು ಕಡೆಗೆ ಹರಿಸುವ ಏರಿನ ಮೇಲಿದೆ: ಉತ್ತರದ ಇಳಿಜಾರು ಕಾವೇರಿಯ ಕಡೆಗೆ, ದಕ್ಷಿಣದ್ದು ಕಬಿನಿಯ ಕಡೆಗೆ. ಹೀಗಾಗಿ ಕೊಳಚೆಯನ್ನು ಒಂದೇ ಕಡೆ ಸೇರಿಸಲು ಬರುವುದಿಲ್ಲ. ಕೆಸರೆ, ರಾಯನಕೆರೆ ಮತ್ತು ಜನ ಸುಯೇಜ್ ಫಾರಂ ಎಂದೇ ಕರೆಯುವ ವಿದ್ಯಾರಣ್ಯಪುರಂನಲ್ಲಿ ಮೂರು ಶುದ್ಧೀಕರಣ ಘಟಕಗಳಿವೆ. ಮೂರರ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 157 ದಶಲಕ್ಷ ಲೀಟರ್. ಮಳೆ ನೀರಿಗೂ ಕೊಳಚೆಗೂ ಬೇರೆಬೇರೆ ದಾರಿಯಿರಬೇಕು. ಮನೆಯವರು ತಾರಸಿಯ ಪೈಪನ್ನು ಒಳಚರಂಡಿಗೆ ಸೇರಿಸಿದಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ. ಕೊಳಚೆಯನ್ನು ಮಳೆ ನೀರಿನ ರಾಜಕಾಲುವೆಗೆ ಬಿಟ್ಟಲ್ಲಿ ಕೆರೆ ಕೆಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯೂ, ದಕ್ಷಿಣದ ದಳವಾಯಿ ಕೆರೆಯೂ ಈ ಪಾಡನ್ನು ಅನುಭವಿಸಿವೆ.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶದ ಮೊದಲ ಸ್ಥಾನ ಪಡೆಯಿತು. ಕಸ ಎತ್ತುವ ಶಿಸ್ತಿಗೆ ಸಂದ ನ್ಯಾಯವಾದ ಗೌರವ ಅದು. ಆದರೆ ನೆಲದ ಕೆಳಗಿನ ಮೈಸೂರು ಅಷ್ಟು ದೂರ ಬಂದಿಲ್ಲ. ವರ್ತುಲ ರಸ್ತೆಯ ಆಚೀಚೆ ಹಳ್ಳಿಗಳ ಹೊಲಗಳು ಸೈಟುಗಳಾದವು. ರೆವಿನ್ಯೂ ಬಡಾವಣೆಗಳಲ್ಲಿ, ಕೆಲವು ಖಾಸಗಿ ಬಡಾವಣೆಗಳಲ್ಲಿ ರಸ್ತೆ, ಕರೆಂಟು ಬಂದರೂ ಒಳಚರಂಡಿ ಬರಲಿಲ್ಲ. ಬಂದ ಕಡೆ ಪೈಪು ಯಾವ ಘಟಕಕ್ಕೂ ಸೇರದೆ ಹಳ್ಳದಲ್ಲಿ ಕೊನೆಯಾಯಿತು. 2020ರ ಆಸುಪಾಸಿನಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಗ್ರಾಮ ಪಂಚಾಯಿತಿಯ ಕೈಲಾಗದಿದ್ದ ಕೆಲಸ ಆಗ ಇವುಗಳ ಹೆಗಲಿಗೆ ಬಂತು. 30×40 ಸೈಟಿನಲ್ಲಿ ಮನೆ ಕಟ್ಟಿ, ಮುಂದೆ ನೀರಿನ ಸಂಪು, ಕೆಲವೇ ಅಡಿ ದೂರದಲ್ಲಿ ಪಿಟ್ಟು ತೋಡುವುದು ಇಲ್ಲಿ ಸಾಮಾನ್ಯ. ಪಿಟ್ಟಿನ ನೀರು ಸಂಪಿನ ಬಿರುಕಿಗೆ ಇಳಿಯುವುದು ಮಳೆಗಾಲದಲ್ಲೇ. ತಗ್ಗಿನಲ್ಲಿದ್ದ ಕೆರೆ ಅಂಗಳ, ಗದ್ದೆ ಬಯಲುಗಳ ಮೇಲೆ ಎದ್ದ ಮನೆಗಳ ಕಷ್ಟ ಇನ್ನೂ ಹೆಚ್ಚು, ಅಲ್ಲಿ ಅಂತರ್ಜಲವೇ ಗುಂಡಿಯೊಳಕ್ಕೆ ಬರುತ್ತದೆ.

ಪಿಟ್ಟು ಉಕ್ಕಿದಾಗ ಸಕ್ಕಿಂಗ್ ಲಾರಿ ಕರೆಸುವುದು ರೂಢಿ. ಮಳೆಯ ನಡುವೆ ಖಾಲಿ ಮಾಡಿದ ರಿಂಗು ಗುಂಡಿ ಸುತ್ತಲಿನ ನೀರಿನಿಂದ ಮತ್ತೆ ತುಂಬುತ್ತದೆ; ಒಳಗಿನ ಭಾರ ಹೋದ ಟ್ಯಾಂಕಿನ ಗೋಡೆ ಹೊರಗಿನ ಒತ್ತಡಕ್ಕೆ ಬಿರಿಯುವುದೂ ಉಂಟು. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹೂಳು ತೆಗೆಸುವುದೇ ಸರಿ. ಲಾರಿಯ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದು ಮನೆಯವರೂ ಕೇಳಬೇಕಾದ ಪ್ರಶ್ನೆ. ಹಳ್ಳಕ್ಕೋ ಹೊಲಕ್ಕೋ ಸುರಿಯದೆ ಅದನ್ನು ಸಂಸ್ಕರಿಸಿ ಗೊಬ್ಬರ ಮಾಡಬಹುದೆಂದು ಬೆಂಗಳೂರಿನ ಬಳಿಯ ದೇವನಹಳ್ಳಿ 2015ರಿಂದ ತೋರಿಸಿದೆ.

ಯಾವ ಸ್ಥಿತಿಯಲ್ಲೂ ಗುಂಡಿಗೆ ಮನುಷ್ಯರನ್ನು ಇಳಿಸಬಾರದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಎರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಮೊದಲು ಇಳಿದವರನ್ನು ಎತ್ತಲು ಹೋದವರೂ ಸಾಯುತ್ತಾರೆ. ರಕ್ಷಣಾ ಸಲಕರಣೆಯಿಲ್ಲದೆ ಹೀಗೆ ಇಳಿಸುವುದನ್ನು, ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿಯೆಂದು ನಿಗದಿ ಮಾಡಿ, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು.